ಜಾನಕಿಯ ಬಿಲ್ಲೆ, ಜಾಹ್ನವಿಯ ಲೋಟ: ಮೈಸೂರಿನ ಹೆಸರು ಕೆತ್ತುವ ಅಂಗಡಿಯ ಬಗ್ಗೆ

ದೇವರಾಜ ಮಾರುಕಟ್ಟೆಯ ಹಿಂಬದಿಯ ಗಲ್ಲಿಯಲ್ಲಿ, ಪಾತ್ರೆ ಅಂಗಡಿಯೊಂದರ ಜಗಲಿಯ ಮೇಲೆ, ಹೆಸರು ಕೆತ್ತಿಕೊಡುವ ಯಜಮಾನರೊಬ್ಬರು ಕೂರುತ್ತಾರೆ. ಫಲಕವಿಲ್ಲ. ಒಂದು ಮಣೆ, ಮಣೆಯ ಮೇಲೆ ಅರಗಿನ ಮುದ್ದೆ, ನಾಲ್ಕೈದು ಸಣ್ಣ ಚಾಣ, ಒಂದು ಪುಟ್ಟ ಸುತ್ತಿಗೆ, ಸ್ಟೀಲ್ ಪಾತ್ರೆಗಳಿಗೆಂದು ಝುಂಯ್ ಎನ್ನುವ ವಿದ್ಯುತ್ ಲೇಖನಿ. ಇಷ್ಟೇ ಅಂಗಡಿ. ಏಳು ವರ್ಷದ ಅಂತರದಲ್ಲಿ ನಮ್ಮ ಮನೆಯ ಎರಡು ಹೆಸರುಗಳನ್ನು ಅವರ ಕೈಯಲ್ಲಿ ಕೆತ್ತಿಸಿದ್ದೇನೆ. ಮೊದಲನೆಯದು ನಮ್ಮ ನಾಯಿಯದು, ಎರಡನೆಯದು ಮಗಳದು. ಈ ಎರಡರ ನಡುವೆ ನಮ್ಮ ಮನೆಯಲ್ಲಿ ನಡೆದ ದೊಡ್ಡ ಚರ್ಚೆಯನ್ನು ಹೇಳದೆ ಈ ಅಂಗಡಿಯ ಗುಣ ಹೇಳಲು ನನಗೆ ಬರುವುದಿಲ್ಲ.

2017ರ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ನೀರಿನ ಕೊಳವೆ ಹಾಕಲು ಉದ್ದಕ್ಕೆ ಕಾಲುವೆ ತೋಡಿ ಬಿಟ್ಟಿದ್ದರು. ಒಂದು ಬೆಳಿಗ್ಗೆ ಹಾಲು ತರಲು ಹೋದ ನಮ್ಮವರು ಆ ಕಾಲುವೆಯ ಕೆಸರಿನಿಂದ ಒಂದು ಹೆಣ್ಣು ಮರಿಯನ್ನು ಎತ್ತಿಕೊಂಡು ಬಂದರು. ಕಂದು ಮೈ, ಒಂದು ಕಿವಿ ಮಾತ್ರ ಕಪ್ಪು. ಟವೆಲಿನಲ್ಲಿ ಒರೆಸುತ್ತಿದ್ದಾಗ ನನ್ನ ಬಾಯಿಂದ ತಾನಾಗಿ ಬಂದದ್ದು "ಜಾನಕಿ" ಎಂಬ ಹೆಸರು. ನೇಗಿಲ ಸಾಲಿನಲ್ಲಿ ಸಿಕ್ಕವಳು ಸೀತೆ. ಮಣ್ಣಿನಲ್ಲಿ ಸಿಕ್ಕ ಇವಳಿಗೆ ಬೇರೆ ಯಾವ ಹೆಸರೂ ಹೊಂದುತ್ತಿರಲಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಮಗಳು ಹುಟ್ಟಿದರೆ ಇಡಬೇಕೆಂದು ಕಾಲೇಜಿನ ದಿನಗಳಿಂದ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರು ಅದು. ಮದುವೆಯಾಗಿ ಆರು ವರ್ಷವಾಗಿತ್ತು. ಮಗುವಿನ ಆಸೆಯನ್ನು ಬಾಯಿಬಿಟ್ಟು ಹೇಳುವುದನ್ನೇ ನಾವಿಬ್ಬರೂ ನಿಲ್ಲಿಸಿದ್ದೆವು. ಇಟ್ಟುಕೊಂಡ ಹೆಸರನ್ನು ಕೊಟ್ಟುಬಿಟ್ಟೆ, ಪೂರ್ತಿ ಮನಸ್ಸಿನಿಂದ ಕೊಟ್ಟೆ.

ಅವಳು ಒಮ್ಮೆ ಗೇಟು ದಾಟಿ ಓಡಿಹೋಗಿ ಸಂಜೆಯವರೆಗೆ ಸಿಗಲಿಲ್ಲ. ಅಂದೇ ಕೊರಳಿಗೊಂದು ಬಿಲ್ಲೆ ಬೇಕೆಂದು ತೀರ್ಮಾನಿಸಿ ಮೊಬೈಲಿನಲ್ಲೇ ಒಂದು ಕಡೆ ತರಿಸಿದೆ. ಕನ್ನಡದಲ್ಲೂ ಕೆತ್ತಿಕೊಡುತ್ತೇವೆ ಎಂದು ಬರೆದಿದ್ದರು. ಒಂಬತ್ತು ದಿನಕ್ಕೆ ಬಂತು. "ಜಾನ" ಎಂಬಷ್ಟು ಸರಿಯಿತ್ತು. ಆಮೇಲೆ ಒಂದು ಒಂಟಿ "ಕ", ಅದರ ಪಕ್ಕದಲ್ಲಿ ಚುಕ್ಕೆಗಳ ಸೊನ್ನೆಯೊಂದರ ಮೇಲೆ ಗುಡಿಸು ಬೇರೆಯಾಗಿ ಕೂತಿತ್ತು. ಕನ್ನಡದ ಅಕ್ಷರ ಕಂಪ್ಯೂಟರಿನಲ್ಲಿ ಒಡೆದಾಗ ಕಾಣಿಸುವ ಆ ಸೊನ್ನೆಯನ್ನು ಯಂತ್ರ ಹಾಗೆಯೇ ಲೋಹದ ಮೇಲೆ ಕೊರೆದಿತ್ತು. ಕೆತ್ತಿದವರು ಒಬ್ಬರಾದರೂ ಅದನ್ನು ಓದಿದ್ದರೆ ಹಾಗೆ ಪೆಟ್ಟಿಗೆಗೆ ಹಾಕಿ ಕಳುಹಿಸುತ್ತಿರಲಿಲ್ಲ. ದೂರು ಹೇಳಿದ್ದಕ್ಕೆ, ಕೆತ್ತಿದ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು.

ಹಾಗೆ ಈ ಜಗಲಿಗೆ ಬಂದೆ. ನನ್ನ ಮದುವೆಯ ಪಾತ್ರೆಗಳಿಗೆಲ್ಲ ಅಮ್ಮ ಇಲ್ಲಿಯೇ ಹೆಸರು ಹಾಕಿಸಿದ್ದರು. ಯಜಮಾನರು ಒಂದು ಚೀಟಿ ಕೊಟ್ಟು, "ನಿಮ್ಮ ಕೈಯಲ್ಲೇ ಬರೆಯಿರಿ ಅಮ್ಮಾ" ಎಂದರು. ಬರೆದೆ. ಓದಿದರು.

"ಮಗುವಿಗೋ?"

"ಅಲ್ಲ, ನಮ್ಮ ನಾಯಿಗೆ."

ಅವರು ಚೀಟಿಯನ್ನೇ ನೋಡುತ್ತ ಕೂತರು. "ನನ್ನ ತಾಯಿಯ ಹೆಸರು ಜಾನಕಮ್ಮ" ಎಂದರು. ನನ್ನ ಮುಖ ಬಿಸಿಯಾಯಿತು. ಕ್ಷಮೆ ಕೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದು, "ಹಾಗಾದರೆ ಅಕ್ಷರ ಚೆನ್ನಾಗಿ ಬರಬೇಕು, ಅರ್ಧ ಗಂಟೆ ಕೊಡಿ" ಎಂದು ಅರಗನ್ನು ಬಿಸಿ ಮಾಡಿ ಹಿತ್ತಾಳೆಯ ಬಿಲ್ಲೆಯನ್ನು ಅದರಲ್ಲಿ ಕೂರಿಸಿದರು.

ಆ ಅರ್ಧ ಗಂಟೆ ನಾನು ಕಣ್ಣು ತೆಗೆಯದೆ ನೋಡಿದೆ. ಎರಡು ರೂಪಾಯಿ ನಾಣ್ಯದಷ್ಟು ಜಾಗ. ಮೊದಲು ಸೂಜಿಮೊನೆಯಿಂದ ಮೇಲೊಂದು ಕೆಳಗೊಂದು ಗೆರೆ ಗೀಚಿದರು. ಅಕ್ಷರದ ಹೊಟ್ಟೆಯನ್ನು ಮೊದಲು ಕೆತ್ತಿ, ತಲೆಕಟ್ಟನ್ನೂ ಗುಡಿಸನ್ನೂ ಕೊನೆಗೆ ಇಟ್ಟರು. ಬಾಗಿದ ಗೆರೆ ಬಂದಾಗ ಚಾಣವನ್ನು ತಿರುಗಿಸಲಿಲ್ಲ, ಬಿಲ್ಲೆ ಕೂತಿದ್ದ ಅರಗಿನ ಮುದ್ದೆಯನ್ನೇ ಎಡಗೈಯಲ್ಲಿ ನಿಧಾನವಾಗಿ ತಿರುಗಿಸಿದರು. ಕನ್ನಡದ ಅಕ್ಷರಗಳೆಲ್ಲ ದುಂಡು; ಚಾಣ ನೆಟ್ಟಗೆ ಹೋಗುವ ಉಪಕರಣ. ದುಂಡನ್ನು ತರುವ ಕೆಲಸ ಎಡಗೈಯದು ಎಂದು ಅಂದು ತಿಳಿಯಿತು. ಬಿಲ್ಲೆಯ ಹಿಂಬದಿಗೆ ನಮ್ಮ ಮೊಬೈಲ್ ಸಂಖ್ಯೆಯನ್ನು ವಿದ್ಯುತ್ ಲೇಖನಿಯಿಂದ ಚುಕ್ಕೆ ಚುಕ್ಕೆಯಾಗಿ ಹಾಕಿದರು. ಎಂಬತ್ತು ರೂಪಾಯಿ ತೆಗೆದುಕೊಂಡರು.

ಏಳು ವರ್ಷ ಆ ಬಿಲ್ಲೆ ಅವಳ ಕೊರಳಲ್ಲಿ ಮಳೆಯಲ್ಲಿ ನೆಂದಿದೆ, ನೀರಿನ ಬಟ್ಟಲಿಗೆ ದಿನಕ್ಕೆ ಹತ್ತು ಸಲ ಬಡಿದಿದೆ. ಹೆಸರು ಇಂದಿಗೂ ಬೆರಳಿಗೆ ಸಿಗುತ್ತದೆ. ಸಂಖ್ಯೆ ಮಾತ್ರ ಎರಡೇ ವರ್ಷದಲ್ಲಿ ಸವೆದುಹೋಯಿತು. ಕಳೆದುಹೋದ ನಾಯಿಯನ್ನು ಮನೆ ಸೇರಿಸುವುದು ಸಂಖ್ಯೆಯೇ. ಆದ್ದರಿಂದ ಅಲ್ಲಿಗೆ ಹೋಗುವವರು ಸಂಖ್ಯೆಯನ್ನೂ ಚಾಣದಲ್ಲೇ ಕೆತ್ತಿಸಿ. ನಲವತ್ತು ರೂಪಾಯಿ ಹೆಚ್ಚು ಕೇಳುತ್ತಾರೆ, ಕೊಡಿ.

2024ರಲ್ಲಿ ನಮಗೆ ಮಗಳು ಹುಟ್ಟಿದಳು. ಹದಿಮೂರು ವರ್ಷದ ಮೇಲೆ. ಅತ್ತೆ ಪಂಚಾಂಗ ನೋಡಿಸಿದರು: ಉತ್ತರಾಷಾಢ, ಮೂರನೆಯ ಪಾದ. ಆ ನಕ್ಷತ್ರಕ್ಕೆ ಭೇ, ಭೋ, ಜಾ, ಜೀ ಎಂದು ಪಾದಕ್ಕೊಂದು ಅಕ್ಷರ. ಮೂರನೆಯದು "ಜಾ".

ಮನೆಯಲ್ಲಿ ಎಲ್ಲರೂ ಸುಮ್ಮನಾದರು. ನನ್ನ ಮನಸ್ಸಿನಲ್ಲಿದ್ದ ಹೆಸರು ಅಮ್ಮನಿಗೆ ಗೊತ್ತಿತ್ತು. ಅತ್ತೆಗೂ ಆ ಹೆಸರು ಇಷ್ಟವೇ, ಅವರ ಅಜ್ಜಿಯ ಹೆಸರು ಅದು. ಮೂರನೆಯ ದಿನ ಅತ್ತೆ ಮೃದುವಾಗಿಯೇ ಕೇಳಿದರು: "ನಾಯಿಗೆ ಬೇರೆ ಹೆಸರಿಟ್ಟರೆ ಆಗುವುದಿಲ್ಲವೇನಮ್ಮಾ? ಅದಕ್ಕೇನು ತಿಳಿಯುತ್ತದೆ?"

ಬಂದ ನೆಂಟರೂ ಅದನ್ನೇ ಹೇಳಿದರು, ಸ್ವಲ್ಪ ಗಟ್ಟಿಯಾಗಿ. ನಾಯಿಗೆ ಸೀತಮ್ಮನ ಹೆಸರು ಇಟ್ಟದ್ದೇ ತಪ್ಪು, ಈಗಲಾದರೂ ಸರಿಮಾಡಿ, ರೋಸಿ ಎಂದೋ ಜೂಲಿ ಎಂದೋ ಕರೆಯಿರಿ ಎಂದರು. ಬಾಣಂತಿಯಾಗಿ ಮಲಗಿದ್ದಲ್ಲೇ ಇದನ್ನು ಬಹಳ ಯೋಚಿಸಿದೆ. ರೋಸಿ, ಜೂಲಿ, ಟಾಮಿ, ಜಿಮ್ಮಿ, ಇವೆಲ್ಲ ಇಂಗ್ಲೆಂಡಿನಲ್ಲಿ ತಾಯಂದಿರು ತೊಟ್ಟಿಲಲ್ಲಿ ಕರೆದ ಹೆಸರುಗಳೇ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ನಾಯಿಗಳೆಲ್ಲ ಮನುಷ್ಯರ ಹೆಸರನ್ನೇ ಹೊತ್ತಿದ್ದವು. ದೂರದವರ ಮಕ್ಕಳ ಹೆಸರಾದ್ದರಿಂದ ನಮಗೆ ನೋಯಲಿಲ್ಲ, ಅಷ್ಟೇ. ಇನ್ನು ಹಟ್ಟಿಯ ಹಸುಗಳನ್ನು ಗೌರಿ, ಗಂಗೆ, ಲಕ್ಷ್ಮಿ ಎಂದು ಕರೆಯುವಾಗ ಯಾರೂ ತಪ್ಪೆಂದಿಲ್ಲ. ಬಸವ ಎನ್ನುವ ಹೆಸರೇ ವೃಷಭದಿಂದ ಬಂದದ್ದು. ಎತ್ತಿಗೂ ಅದೇ, ನಾಡು ಕೈಮುಗಿಯುವ ಅಣ್ಣನಿಗೂ ಅದೇ.

ಮೈಸೂರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದಸರೆಯಲ್ಲಿ ನಡೆದ ಆನೆಗಳು ಬಲರಾಮ, ಅಭಿಮನ್ಯು, ಕಾವೇರಿ, ಚೈತ್ರಾ, ವರಲಕ್ಷ್ಮಿ. 2012ರಿಂದ 2019ರವರೆಗೆ ಎಂಟು ವರ್ಷ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತಾಗ ನಮ್ಮ ಬೀದಿಯಲ್ಲಿ ಅಂದು ಒಲೆ ಹಚ್ಚಲು ಮನಸ್ಸಾಗದ ಮನೆಗಳಿದ್ದವು. ಪಕ್ಕದ ಮನೆಯ ಹುಡುಗನ ಹೆಸರೂ ಅರ್ಜುನ. ಆನೆಯ ಹೆಸರಾಯಿತಲ್ಲ ಎಂದು ಅವನ ತಾಯಿ ಎಂದೂ ಕೊರಗಿದ್ದಿಲ್ಲ. ನನ್ನ ಮಗನಿಗೆ ಆ ಆನೆಯಷ್ಟು ಗಟ್ಟಿ ಎದೆ ಇರಲಿ ಎಂದೇ ಹೇಳುತ್ತಿದ್ದರು. ಆನೆಗೆ, ಹಸುವಿಗೆ ಸಲ್ಲುವ ಮರ್ಯಾದೆ ನಾಯಿಗೆ ಏಕೆ ಸಲ್ಲಬಾರದು? ಹೆಸರು ಮೈಲಿಗೆಯಾಗುವ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಆದರೂ ಮಗಳಿಗೆ ಜಾನಕಿ ಎಂದು ಇಡಲಿಲ್ಲ. ಕಾರಣ ಬೇರೆ.

ಒಂದು ಮಧ್ಯಾಹ್ನ ನಮ್ಮ ಚಿಕ್ಕಮ್ಮ ಹಠ ಹಿಡಿದು ನಾಯಿಗೆ ಹೊಸ ಹೆಸರು ಕಲಿಸಲು ಕೂತರು. ಕೈಯಲ್ಲಿ ಬಿಸ್ಕತ್ತು. "ರೋಸಿ, ಬಾ ರೋಸಿ." ಜಾನಕಿ ಬಿಸ್ಕತ್ತನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು, ಎದ್ದು ಬರಲಿಲ್ಲ. ಇನ್ನೊಂದು ಸಲ ಕರೆದರು. ಅವಳು ತಲೆ ತಿರುಗಿಸಿ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂಬಂತೆ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕೋಣೆಗೆ ಬಂದು ಮಂಚದ ಪಕ್ಕ ನಿಂತು ನನ್ನ ಮುಖ ನೋಡಿದಳು. ಕಪ್ಪು ಕಿವಿ ಹಿಂದಕ್ಕೆ ಮಡಚಿತ್ತು. ನಾನು ಉಸಿರಿನಲ್ಲೇ "ಜಾನಕಿ" ಎಂದೆ. ಬಾಲ ಮಂಚದ ಕಾಲಿಗೆ ಬಡಿಯತೊಡಗಿತು. ಏಳು ವರ್ಷ ದಿನಕ್ಕೆ ನೂರು ಸಲ ಕರೆದು, ಓಗೊಟ್ಟು, ಅವಳದಾದ ಹೆಸರು. ಅವಳಿಂದ ಕಿತ್ತು ನನ್ನ ಮಗಳಿಗೆ ಕೊಡುವ ಹಕ್ಕು ನನಗಿಲ್ಲ. ಇಬ್ಬರಿಗೂ ಒಂದೇ ಇಟ್ಟರೆ ಕರೆದಾಗಲೆಲ್ಲ ಒಬ್ಬರು ಬಂದು ನಿರಾಶರಾಗಿ ಹಿಂದಿರುಗಬೇಕು. ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದರು. ಹೆಸರು ಬದಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಇಂಥ ಇಕ್ಕಟ್ಟಿನಲ್ಲಿ ಇರುವವರು ಅವಸರ ಪಡಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿನ ಜಾಗವನ್ನು ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವಿದೆ. ನಾವು ಹಾಗೆಯೇ ಬಿಟ್ಟು, ಮೂರನೆಯ ತಿಂಗಳಲ್ಲಿ ತೊಟ್ಟಿಲ ಶಾಸ್ತ್ರ ಮಾಡಿದೆವು. ಗುಂಡುಕಲ್ಲನ್ನು ತೊಳೆದು ಅರಿಸಿನ ಕುಂಕುಮ ಹಚ್ಚಿ ಮೊದಲು ತೊಟ್ಟಿಲಿಗೆ ಹಾಕಿ, ಆಮೇಲೆ ಮಗುವನ್ನು ಮಲಗಿಸಿದೆವು. ತಟ್ಟೆಯ ಅಕ್ಕಿಯಲ್ಲಿ ನಮ್ಮವರು ಉಂಗುರದಿಂದ ಬರೆದ ಹೆಸರು "ಜಾಹ್ನವಿ". ಜಹ್ನು ಋಷಿ ಗಂಗೆಯನ್ನು ಕುಡಿದು ಮತ್ತೆ ಕಿವಿಯಿಂದ ಬಿಟ್ಟದ್ದರಿಂದ ಅವಳಿಗೆ ಆ ಹೆಸರು. ಮಗಳ ಕಿವಿಯಲ್ಲಿ ಮೂರು ಸಲ ಹೇಳುವಾಗ ಆ ಕಥೆ ನೆನಪಾಗಿ ನನ್ನ ಕಣ್ಣು ತುಂಬಿತು.

ಕರೆಯುವ ಹೆಸರಿನದು ಮತ್ತೊಂದು ಪೇಚು. ಜಾನಕಿಯೂ ಜಾನು, ಜಾಹ್ನವಿಯೂ ಜಾನು ಆಗುತ್ತಾಳೆ. ಜಾನು ಎಂಬುದು ನಾಯಿಯದೆಂದು ಮೊದಲೇ ಎಲ್ಲರಿಗೂ ಹೇಳಿಬಿಟ್ಟೆ. ಮಗಳು ಪೂರ್ತಿ ಜಾಹ್ನವಿ, ಮುದ್ದಿಗೆ ಹನಿ.

ಸೋದರಮಾವ ಕೊಟ್ಟ ಬೆಳ್ಳಿ ಲೋಟ ಹಿಡಿದು ಮತ್ತೆ ಆ ಜಗಲಿಗೆ ಹೋದೆ. ಯಜಮಾನರ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು. ಚೀಟಿಯಲ್ಲಿ ಬರೆದು ಕೊಟ್ಟೆ. ಓದಿ, ತಲೆ ಎತ್ತಿ, "ಹಕಾರಕ್ಕೆ ನ ಒತ್ತು ಕೊಟ್ಟಿದ್ದೀರಿ. ಬರುವವರೆಲ್ಲ ನಕಾರಕ್ಕೆ ಹ ಒತ್ತು ಕೊಟ್ಟು ತರುತ್ತಾರೆ. ನಿಮ್ಮದು ಸರಿ" ಎಂದರು. ಹೌದು, ಬಾಯಲ್ಲಿ ಎಲ್ಲರೂ ಜಾನ್ಹವಿ ಎನ್ನುತ್ತಾರೆ, ಹಾಗೆಯೇ ಬರೆದೂಬಿಡುತ್ತಾರೆ. ತಪ್ಪು ಬರೆದು ತಂದವರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಒಂದು ಸಲ ಹೇಳುತ್ತೇನೆ, ಆಮೇಲೆ ಮಗುವಿನ ತಂದೆತಾಯಿ ಹೇಳಿದಂತೆ ಕೆತ್ತುತ್ತೇನೆ, ಹೆಸರು ಅವರದು ಎಂದರು.

ಲೋಟದ ಮೈ ದುಂಡು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಅವರು ಹೆಸರನ್ನು ಅಂಚಿನಿಂದ ಒಂದು ಬೆರಳು ಕೆಳಕ್ಕೆ ಇಳಿಸಿದರು. ಮಗುವಿನ ತುಟಿಗೆ ಕೆತ್ತನೆಯ ಗೀರು ತಾಗಬಾರದು ಎಂಬುದು ಇನ್ನೊಂದು ಕಾರಣ. ಕೆತ್ತಿದ ಮೇಲೆ ಗೆರೆಗಳ ಅಂಚನ್ನು ನಯವಾದ ಉಕ್ಕಿನ ಕಡ್ಡಿಯಿಂದ ಉಜ್ಜಿ, ತಮ್ಮ ಕಿರುಬೆರಳನ್ನು ಅದರ ಮೇಲೆ ಆಡಿಸಿ ನೋಡಿ, ನನಗೂ ಆಡಿಸಿ ನೋಡಲು ಹೇಳಿದರು. ಎಲ್ಲಿಯೂ ಚುಚ್ಚಲಿಲ್ಲ. ಈ ಒಂದು ಕೆಲಸಕ್ಕೇ ನಾನು ಇನ್ನು ಯಾವ ಯಂತ್ರದ ಅಂಗಡಿಗೂ ಹೋಗುವುದಿಲ್ಲ. ಲೋಟ ಕೊಡುವಾಗ, "ಆ ಜಾನಕಿ ಹೇಗಿದ್ದಾಳೆ?" ಎಂದು ಕೇಳಿದರು. ಏಳು ವರ್ಷದ ಹಿಂದಿನ ಎಂಬತ್ತು ರೂಪಾಯಿಯ ಗಿರಾಕಿಯನ್ನು ನೆನಪಿಟ್ಟಿದ್ದರು.

ಕೊರತೆಗಳಿವೆ. ಕೂರಲು ಜಾಗವಿಲ್ಲ, ಗಲ್ಲಿಯಲ್ಲಿ ನಿಂತೇ ಕಾಯಬೇಕು. ಎಳೆಗೂಸನ್ನು ಕರೆದುಕೊಂಡು ಹೋಗಬೇಡಿ. ಬೆಳ್ಳಿ ಪದಾರ್ಥವನ್ನು ಬಿಟ್ಟುಹೋದರೆ ರಸೀದಿ ಕೊಡುವುದಿಲ್ಲ, ಆದ್ದರಿಂದ ಎದುರಿಗೇ ನಿಂತು ಮಾಡಿಸಿ. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ವಾರ ಮತ್ತು ದಸರೆಯ ಹತ್ತು ದಿನ ಹೋಗಿ ಪ್ರಯೋಜನವಿಲ್ಲ, ಅಷ್ಟು ಜನ. ಬೆಳ್ಳಿಗೆ ಅಕ್ಷರದ ಲೆಕ್ಕ: ಅಕ್ಷರಕ್ಕೆ ಐವತ್ತು, ಒತ್ತಕ್ಷರವಿದ್ದರೆ ಎಪ್ಪತ್ತು. ಜಾಹ್ನವಿಗೆ ನೂರ ಎಪ್ಪತ್ತಾಯಿತು. ಬೆಳಿಗ್ಗೆ ಹನ್ನೊಂದರ ನಂತರ ಕೂರುತ್ತಾರೆ, ಬೆಳಕು ಇಳಿದ ಮೇಲೆ ಚಾಣ ಹಿಡಿಯುವುದಿಲ್ಲ, ಸ್ಟೀಲ್ ಪಾತ್ರೆ ಮಾತ್ರ ಮಾಡುತ್ತಾರೆ.

ಬರುವ ವಾರ ಜಾನಕಿಯ ಬಿಲ್ಲೆಯ ಹಿಂಬದಿಗೆ ಸಂಖ್ಯೆಯನ್ನು ಹೊಸದಾಗಿ ಕೆತ್ತಿಸಬೇಕು. ಬಿಲ್ಲೆ ಬಿಚ್ಚಿಕೊಂಡು ಹೋದರೆ ಅವಳು ಬಾಗಿಲಲ್ಲೇ ಕೂರುತ್ತಾಳೆ. ಅದಕ್ಕೆ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಯಜಮಾನರು ಅವಳನ್ನು ಇನ್ನೂ ನೋಡಿಲ್ಲ.