ಡೀಫಾಲ್ಟ್ ರೀಡರಿನಲ್ಲೇ ಬೇಕಾದ ಪುಟ ತೆರೆಯಲು: ವಿಂಡೋಸ್‌ನಲ್ಲಿ ಯಾವ ದಾರಿ ಮೇಲು?

ನೂರಾರು ಪುಟದ ದಾಸ್ತಾನು ಪಿಡಿಎಫ್‌ನಲ್ಲಿ ಒಬ್ಬ ರೈತರ ಲಾಟ್ ಇರುವ ಪುಟವೇ ಸೀದಾ ತೆರೆಯಬೇಕು, ಅದೂ ಆ ಕಂಪ್ಯೂಟರಿನ ಡೀಫಾಲ್ಟ್ ರೀಡರಿನಲ್ಲೇ (ಪಿಡಿಎಫ್ ತೆರೆಯಲು ಆರಿಸಿಟ್ಟ ಪ್ರೋಗ್ರಾಂನಲ್ಲೇ). ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡುವವರಿಗೆ ಇದು ದಿನದ ಬೇಡಿಕೆ. ಸಿ ಶಾರ್ಪ್‌ನಲ್ಲಿ ನಾವು ಹಚ್ಚಿ ನೋಡಿದ ದಾರಿಗಳಿವು.

ಎಲ್ಲಕ್ಕಿಂತ ಸುಲಭ, ಪ್ರಾಸೆಸ್.ಸ್ಟಾರ್ಟ್‌ಗೆ ಫೈಲಿನ ಹೆಸರು ಕೊಡುವುದು. ತೆರೆಯುವ ಕೆಲಸವನ್ನು ವಿಂಡೋಸ್‌ಗೇ ಬಿಡುವ ಯೂಸ್‌ಶೆಲ್‌ಎಕ್ಸಿಕ್ಯೂಟ್ ಎಂಬ ಸೆಟ್ಟಿಂಗ್ ಟ್ರೂ ಇರಬೇಕು. ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಅದು ತಾನಾಗಿ ಟ್ರೂ, ಡಾಟ್‌ನೆಟ್ ಕೋರ್‌ನಿಂದೀಚೆಗೆ ಫಾಲ್ಸ್. ಹಳೆಯ ಕೋಡ್ ಹೊಸದಕ್ಕೆ ಒಯ್ದಾಗ ಎಕ್ಸೆಪ್ಶನ್ ಬರುವುದು ಇದಕ್ಕೇ. ಫೈಲೇನೋ ತೆರೆಯುತ್ತದೆ, ಪುಟದ ಸಂಖ್ಯೆ ಮಾತ್ರ ರೀಡರಿಗೆ ಮುಟ್ಟುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯ ಓಪನ್ ಕಮಾಂಡಿನಲ್ಲಿ ಸಾಮಾನ್ಯವಾಗಿ "%1" ಒಂದೇ ಇರುತ್ತದೆ, ಅದು ಫೈಲಿಗೆ ಮೀಸಲು. ಇದೇ ಕೆಲಸ ಮಾಡುವ ಪೈಥಾನಿನ ಓಎಸ್.ಸ್ಟಾರ್ಟ್‌ಫೈಲ್‌ಗೆ 3.10ರಲ್ಲಿ ಆರ್ಗ್ಯುಮೆಂಟ್ಸ್ ಸೇರಿದರೂ ಮಿತಿ ಇದೇ.

ರಿಜಿಸ್ಟ್ರಿಯನ್ನು ನಾವೇ ಓದುವ ದಾರಿ ಬೇಡವೇ ಬೇಡ. ಅದರ ಕ್ಲಾಸಸ್ ರೂಟ್ ಎಂಬ ಭಾಗದಲ್ಲಿ ಒಂದು ರೀಡರ್ ಕಾಣುತ್ತದೆ, ಬಳಕೆದಾರರು ಆರಿಸಿದ್ದು ಯೂಸರ್‌ಚಾಯ್ಸ್ ಕೀಯಲ್ಲಿ ಬೇರೆಯೇ ಇರುತ್ತದೆ. ಒಂದು ಫೈಲನ್ನು ಯಾವ ಪ್ರೋಗ್ರಾಂ ತೆರೆಯುತ್ತದೆಂದು ಹೇಳುವ ವಿಂಡೋಸ್ ಫಂಕ್ಷನ್ ಫೈಂಡ್‌ಎಕ್ಸಿಕ್ಯೂಟಬಲ್ ಇದಕ್ಕಿಂತ ವಾಸಿ, ಆದರೆ ಆ ಫೈಲ್ ಡಿಸ್ಕಿನಲ್ಲಿ ಇರಲೇಬೇಕು.

ನಮ್ಮ ಮತ ಶೆಲ್‌ವಾಪಿ ಡಿಎಲ್ಎಲ್‌ನ ಅಸೋಕ್‌ಕ್ವೆರಿಸ್ಟ್ರಿಂಗ್ ಫಂಕ್ಷನ್‌ಗೆ. ಇದಕ್ಕೆ ಬರೀ ಎಕ್ಸ್‌ಟೆನ್ಷನ್ ಸಾಕು, ಚುಕ್ಕೆ ಸಮೇತ (.pdf). ಮೊದಲ ಸಲ ಉತ್ತರ ತುಂಬುವ ಬಫರ್ ಬದಲು ನಲ್ ಕೊಟ್ಟು ಉದ್ದ ತಿಳಿದುಕೊಳ್ಳಿ, ಎರಡನೆಯ ಸಲ ಅಷ್ಟು ಜಾಗ ಕೊಟ್ಟು ಎಕ್ಸಿಕ್ಯೂಟಬಲ್‌ನ ಪಾತ್ ಪಡೆಯಿರಿ. ಆಮೇಲೆ ಆ ಇಎಕ್ಸ್‌ಇಯನ್ನೇ ಯೂಸ್‌ಶೆಲ್‌ಎಕ್ಸಿಕ್ಯೂಟ್ ಫಾಲ್ಸ್ ಇಟ್ಟು ಓಡಿಸಿ. ಪಿಡಿಎಫ್‌ನ ಪಾತ್‌ನಲ್ಲಿ ಸ್ಪೇಸ್ ಇದ್ದರೆ ಡಬಲ್ ಕೋಟ್ ಕಡ್ಡಾಯ. ಇಲ್ಲದಿದ್ದರೆ ರೀಡರ್ ಒಂದು ಫೈಲನ್ನು ಎರಡೆಂದು ತಿಳಿಯುತ್ತದೆ.

ಪಾತ್ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ, ಪುಟದ ಸಂಖ್ಯೆ ಹೇಳಲು ಕಮಾಂಡಿಗೆ ಸೇರಿಸುವ ಸ್ವಿಚ್ ಪ್ರತಿ ರೀಡರಿಗೂ ಬೇರೆ. ಅಡೋಬಿಗೆ ಫೈಲಿಗಿಂತ ಮೊದಲು ಸ್ಲ್ಯಾಶ್ ಎ, ನಂತರ ಕೋಟ್‌ನಲ್ಲಿ ಪೇಜ್=12. ಸುಮಾತ್ರಾಗೆ ಹೈಫನ್ ಪೇಜ್, ಒಂದು ಸ್ಪೇಸ್, 12. ಎಡ್ಜ್, ಕ್ರೋಮ್‌ಗಳಿಗೆ ಸ್ವಿಚ್ಚೇ ಇಲ್ಲ: ಪಾತನ್ನು ಫೈಲ್ ಯುಆರ್‌ಎಲ್ ಮಾಡಿ ಕೊನೆಗೆ ಹ್ಯಾಶ್ ಹಾಕಿ ಪೇಜ್=12 ಸೇರಿಸಬೇಕು, ಸ್ಪೇಸ್ ಇದ್ದಲ್ಲಿ %20. ಆದ್ದರಿಂದ ಇಎಕ್ಸ್‌ಇ ಹೆಸರಿಗೆ ತಕ್ಕ ಸ್ವಿಚ್‌ನ ಸಣ್ಣ ಪಟ್ಟಿಯೊಂದು ಕೋಡಿನ ಹೊರಗೆ, ಸೆಟ್ಟಿಂಗ್ಸ್ ಫೈಲಿನಲ್ಲಿರಲಿ.

ವಿಂಡೋಸ್ 10ರಲ್ಲಿ ಅಸೋಕ್‌ಕ್ವೆರಿಸ್ಟ್ರಿಂಗ್‌ನ ಉತ್ತರವಾಗಿ ಓಪನ್‌ವಿತ್.ಇಎಕ್ಸ್‌ಇ (ಯಾವುದರಲ್ಲಿ ತೆರೆಯಲಿ ಎಂದು ಕೇಳುವ ವಿಂಡೋಸ್‌ನ ಪ್ರೋಗ್ರಾಂ) ಬಂದರೆ ಅದನ್ನು ರೀಡರ್ ಎಂದು ನಂಬಬೇಡಿ. ಆಗಲೂ, ಪಟ್ಟಿಯಲ್ಲಿಲ್ಲದ ರೀಡರ್ ಬಂದಾಗಲೂ, ಮೊದಲ ದಾರಿಯಲ್ಲೇ ಫೈಲ್ ತೆರೆದು ಪುಟದ ಸಂಖ್ಯೆಯನ್ನು ಬಿಲ್ಲಿಂಗ್ ಪರದೆಯಲ್ಲಿ ದೊಡ್ಡದಾಗಿ ತೋರಿಸಿ.