ಡೆಲ್ ಮೀಡಿಯಾಡೈರೆಕ್ಟ್ ಬಟನ್: ಡೆಲ್ ಟೂಲ್ ಸಾಕಾ, ಗ್ರಬ್ ಬೇಕಾ?

ಡೆಲ್ ಎಕ್ಸ್‌ಪಿಎಸ್ ಎಂ1330 ಅಥವಾ ಎಂ1530 ಲ್ಯಾಪ್‌ಟಾಪ್ ಇನ್ನೂ ಇಟ್ಟುಕೊಂಡಿದ್ದೀರಾ? ಅದರಲ್ಲಿ ಪವರ್ ಬಟನ್ ಅಲ್ಲದೆ ಮೀಡಿಯಾಡೈರೆಕ್ಟ್ ಬಟನ್ ಕೂಡ ಇದೆ. ಹಾಡು, ಸಿನಿಮಾಗೆ ಅಂತ ಕೊಟ್ಟಿದ್ದು. ಈಗ ಸುಮ್ನೆ ಕೂತಿರುತ್ತೆ. ಪವರ್ ಒತ್ತಿದರೆ ವಿಂಡೋಸ್, ಇದನ್ನು ಒತ್ತಿದರೆ ಲಿನಕ್ಸ್ ಬರುವ ಹಾಗೆ ಮಾಡಬಹುದು. ದಾರಿ ಎರಡು: ಡೆಲ್ಲಿನದೇ ಟೂಲ್, ಇಲ್ಲವೇ ಗ್ರಬ್ (ಕಂಪ್ಯೂಟರ್ ಶುರುವಾಗುವಾಗ ಯಾವ ಓಎಸ್ ಬೇಕು ಅಂತ ಮೆನು ತೋರಿಸೋ ಪ್ರೋಗ್ರಾಂ).

ಮೊದಲನೆಯದು ಮೀಡಿಯಾಡೈರೆಕ್ಟ್ ಡಿಸ್ಕಿನಲ್ಲಿರುವ ಆರ್‌ಎಂಬಿಆರ್ ಟೂಲ್. ಪವರ್ ಬಟನ್ನಿಗೆ ಹಾರ್ಡ್ ಡಿಸ್ಕಿನ ಯಾವ ಪಾರ್ಟಿಷನ್ (ಭಾಗ), ಇನ್ನೊಂದಕ್ಕೆ ಯಾವುದು ಅಂತ ನಂಬರ್ ಕೊಟ್ಟರೆ ಆಯ್ತು. ಆದರೆ ಇದು ಎಂಬಿಆರ್ ಅನ್ನೇ (ಹಾರ್ಡ್ ಡಿಸ್ಕಿನ ಶುರುವಿನಲ್ಲಿರೋ ಬೂಟ್ ಭಾಗ) ಹೊಸದಾಗಿ ಬರೆಯುತ್ತೆ, ಅಲ್ಲಿ ಗ್ರಬ್ ಇದ್ದರೆ ಹೋಯ್ತು ಅಂತಲೇ ಲೆಕ್ಕ, ಅದಕ್ಕೇ ಗ್ರಬ್ಬನ್ನು ಮೊದಲೇ ಲಿನಕ್ಸ್ ಪಾರ್ಟಿಷನ್ನಿನಲ್ಲಿ ಹಾಕಿಕೊಳ್ಳಬೇಕು.

ಎರಡನೆಯದು ಗ್ರಬ್ 2. ಯಾವ ಬಟನ್ ಒತ್ತಿದ್ದು ಅನ್ನೋದು ಸಿಮಾಸ್ ಮೆಮೊರಿಯ (ಮದರ್‌ಬೋರ್ಡ್ ಸೆಟ್ಟಿಂಗ್ ಇಡೋ ಪುಟ್ಟ ಮೆಮೊರಿ) ಒಂದು ಬಿಟ್‌ನಲ್ಲಿ ದಾಖಲಾಗುತ್ತೆ, ಗ್ರಬ್ ಅದನ್ನು ಓದುತ್ತೆ. ಗ್ರಬ್ ಕೈಪಿಡಿಯಲ್ಲಿ ಈ ಎರಡೂ ಮಾಡೆಲ್‌ಗಳಿಗೆ 85:3 ಅಂತ ವಿಳಾಸ ಕೊಟ್ಟಿದ್ದಾರೆ. ಗ್ರಬ್ ಸೆಟ್ಟಿಂಗ್ ಫೈಲಿನಲ್ಲಿ ಇದನ್ನು ಬರೆದು, ಬಟನ್ನಿಗೆ ಬೇರೆ ಡೀಫಾಲ್ಟ್ ಓಎಸ್, ಬೇರೆ ಟೈಮ್‌ಔಟ್ (ಮೆನು ಕಾಯೋ ಸಮಯ) ಕೊಟ್ಟು, ಗ್ರಬ್ ಅಪ್‌ಡೇಟ್ ಮಾಡಿದರೆ ಮುಗೀತು.

ನನ್ನ ಓಟು ಗ್ರಬ್‌ಗೇ. ಹಳೇ ಡಿಸ್ಕ್ ಹುಡುಕೋ ಕೆಲಸ ಇಲ್ಲ, ಮೆನು ಕೈಯಲ್ಲೇ ಇರುತ್ತೆ, ಬೇಡ ಅನಿಸಿದರೆ ಆ ಸಾಲು ಅಳಿಸಿ ಮತ್ತೆ ಅಪ್‌ಡೇಟ್ ಮಾಡಿದರೆ ಸಾಕು, ಅಲ್ವಾ? ವಿಂಡೋಸ್ ಎರಡು ಹಾಕಿಕೊಂಡು ಲಿನಕ್ಸ್ ಬೇಡವೇ ಬೇಡ ಅನ್ನೋರಿಗೆ ಮಾತ್ರ ಆರ್‌ಎಂಬಿಆರ್ ಸರಿ. ಯಾವುದೇ ಆದರೂ ಮೊದಲು ಬ್ಯಾಕಪ್ ತೆಗೆದಿಡಿ, ಪಾರ್ಟಿಷನ್ ನಂಬರ್ ಎರಡು ಸಲ ನೋಡಿ.