ಕಪ್ಪು ಕಾರ್ಪೆಟ್ ಕಂಡರೆ ಹೆದರುವ ರೋಬೋಟ್: ವರ್ಷ ದಾಟಿದ ಮೇಲೆ ನನ್ನ ಅನುಭವ

ಈ ಕಸ ಗುಡಿಸುವ ರೋಬೋಟ್ ಮನೆಗೆ ಬಂದು ವರ್ಷ ದಾಟಿತು. ಸಕ್ಷನ್ ಎಷ್ಟು, ಬ್ಯಾಟರಿ ಎಷ್ಟು ಅನ್ನೋದೆಲ್ಲ ಡಬ್ಬದ ಮೇಲೇ ಇದೆ, ಬಿಡಿ. ಅಲ್ಲಿ ಇಲ್ಲದ ವಿಷಯ ಒಂದಿದೆ. ಇದು ನಮ್ಮ ಕಪ್ಪು ಕಾರ್ಪೆಟ್ ಹತ್ತುವುದೇ ಇಲ್ಲ. ಅಂಚಿನವರೆಗೆ ಬರುತ್ತದೆ, ನಿಲ್ಲುತ್ತದೆ, ಹಿಂದೆ ಸರಿಯುತ್ತದೆ. 'ನಿಮ್ಮ ಮನೆಯನ್ನು ಅರ್ಥ ಮಾಡಿಕೊಳ್ಳುತ್ತದೆ' ಅಂತ ದೊಡ್ಡದಾಗಿ ಮುದ್ರಿಸಿದ್ದಾರೆ ಬೇರೆ!

ಮೆಟ್ಟಿಲಿಂದ ಬೀಳಬಾರದು ಅಂತ ಇದರ ಹೊಟ್ಟೆಯಡಿ ಇನ್‌ಫ್ರಾರೆಡ್ ಸೆನ್ಸರ್‌ಗಳಿವೆ. ಅವು ನೆಲಕ್ಕೆ ಬೆಳಕು ಬಿಡುತ್ತವೆ. ಬೆಳಕು ತಿರುಗಿ ಬಂದರೆ ನೆಲ, ಬರದಿದ್ದರೆ ಹಳ್ಳ. ಇದಕ್ಕೆ ಗೊತ್ತಿರುವುದು ಅಷ್ಟೇ. ಗಾಢ ಕಪ್ಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ, ಕಾರ್ಪೆಟ್ ಹಳ್ಳವಾಗಿಬಿಡುತ್ತದೆ. ಇಷ್ಟನ್ನು ಕೈಪಿಡಿಯಲ್ಲಿ ಎರಡು ಸಾಲು ಬರೆಯೋಕೆ ಏನು ಕಷ್ಟ? ಸಹಾಯವಾಣಿಯವರದು ಒಂದೇ ಮಂತ್ರ: 'ರೀಸೆಟ್ ಮಾಡಿ ನೋಡಿ.'

ತಲೆ ಮೇಲೆ ತಿರುಗುವ ಲೇಸರ್ ಮಾತ್ರ ಚೆನ್ನಾಗಿದೆ. ಗೋಡೆ, ಕಪಾಟುಗಳ ದೂರ ಅಳೆದು ನಕ್ಷೆ ಮಾಡುತ್ತದೆ, ಕತ್ತಲಲ್ಲೂ ದಾರಿ ತಪ್ಪಲ್ಲ. ಆದರೆ ಅದು ನೋಡುವುದು ತನ್ನ ತಲೆಯ ಮಟ್ಟದಲ್ಲಿ. ಕೆಳಗೆ ಬಿದ್ದ ಚಾರ್ಜರ್ ವೈರ್, ಸಾಕ್ಸ್ ಇದರ ಲೆಕ್ಕಕ್ಕೇ ಇಲ್ಲ. ಕ್ಯಾಮೆರಾ ಇರುವ ಮಾಡೆಲ್‌ಗಳು ಇವನ್ನೂ ಗುರುತಿಸುತ್ತವೆ, ಆದರೆ ಬೆಲೆ ಜಾಸ್ತಿ, ನನ್ನ ಬಜೆಟ್‌ಗೆ ಆಗಲಿಲ್ಲ. ಇನ್ನು ಕನ್ನಡಿ! ನಿಲುವುಗನ್ನಡಿಯ ಆಚೆ ನಕ್ಷೆಯಲ್ಲಿ ಒಂದು ಕೋಣೆಯೇ ಎದ್ದಿದೆ. ಬಾಡಿಗೆಗೆ ಕೊಡೋಣ್ವಾ ಅಂತ ಮನೆಯಲ್ಲಿ ತಮಾಷೆ.

ಹಾಗಾಗಿ ರಾತ್ರಿ ಮಲಗುವ ಮುಂಚೆ ವೈರ್ ಎತ್ತಿಡುವುದು, ಕುರ್ಚಿ ಸರಿಸುವುದು ನನ್ನ ಕೆಲಸ. ರಜಾ ದಿನ ಬ್ರಷ್ ಬಿಚ್ಚಿ, ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಎಳೆ ಎಳೆಯಾಗಿ ಬಿಡಿಸುತ್ತೇನೆ. ಒಣ ಬಟ್ಟೆಯಲ್ಲಿ ಸೆನ್ಸರ್ ಒರೆಸುತ್ತೇನೆ. ಇದೇನೋ ಬೇಜಾರಿನ ಕೆಲಸ ಅನ್ಕೊಂಡಿದ್ದೆ, ಈಗ ಹಿತವಾಗಿದೆ. ಮಂಚದ ಕೆಳಗಿನಿಂದ ಅದು ಎಳೆದು ತರುವ ಧೂಳು ನೋಡಿದರೆ ಬೈಯೋಕೂ ಮನಸ್ಸು ಬರಲ್ಲ. ಅಲ್ಲಿಗೆ ಬಗ್ಗೋಕೆ ನನ್ನ ಸೊಂಟ ಒಪ್ಪುವುದಿಲ್ಲ, ಇದು ಸಲೀಸಾಗಿ ನುಗ್ಗುತ್ತದೆ.

ಒರೆಸುವ ಬಟ್ಟೆ ಮಾತ್ರ ಸುಮ್ನೆ. ಒದ್ದೆ ಬಟ್ಟೆ ಎಳೆದಾಡುತ್ತದೆ ಅಷ್ಟೇ, ಒಣಗಿದ ಕಲೆ ಹೋಗಲ್ಲ.

ಕೆಳಗಿನ ಸೆನ್ಸರ್‌ಗಳಿಗೆ ಬಿಳಿ ಟೇಪ್ ಅಂಟಿಸಿದರೆ ಕಪ್ಪು ಕಾರ್ಪೆಟ್ ಹತ್ತುತ್ತದೆ. ನಮ್ಮದು ಒಂದೇ ಮಹಡಿ, ಅಂಟಿಸಿದ್ದೇನೆ. ಮೆಟ್ಟಿಲಿರುವ ಮನೆಯವರು ದಯವಿಟ್ಟು ಇದನ್ನು ಮಾಡಬೇಡಿ, ನೇರ ಕೆಳಗೆ ಬೀಳುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ, ಕಳೆದದ್ದರಲ್ಲಿ ಒಂದು ಆ ಕೈಪಿಡಿಗೆ.